ಟೋಕನ್ನಿನ ಹಾಗೆ ಹಂಚಿದ ಬೀಗದಕೈಗಳು

ಆಸ್ಪತ್ರೆಯ ಜಾಲತಾಣ ನೋಡಿಕೊಳ್ಳುವ ಮೇಲಧಿಕಾರಿಗಳೇ,

ನಿಮ್ಮ ದಯೆಯಿಂದ ನನಗೆ ಕೆಟ್ಟ ಕನಸು ಬೀಳುತ್ತಿದೆ. ಕನಸಿನಲ್ಲಿ ನನ್ನ ತಂಗಿಯ ಗಂಡ ಒಂದು ಬೀದಿಯ ಮನೆಗಳನ್ನು ಸಾಲಾಗಿ ತೆರೆಯುತ್ತಾ ಬರುತ್ತಾನೆ. ಬೀಗ ಒಡೆಯುವುದಿಲ್ಲ. ಪ್ರತಿ ಬಾಗಿಲಲ್ಲೂ ಕಾಲೊರೆಸಿಕೊಂಡು, "ಇಲ್ಲಿಲ್ವಾ? ಸರಿ, ಮುಂದಿನ ಮನೆ ನೋಡ್ತೀನಿ" ಅನ್ನುತ್ತಾನೆ. ಆ ಬೀದಿಯೇ ನಿಮ್ಮ ಜಾಲತಾಣ. ಅಲ್ಲಿ ಒಬ್ಬರ ಪುಟದಿಂದ ಇನ್ನೊಬ್ಬರ ಪುಟಕ್ಕೆ ಹೋಗಲು ಒಂದು ಅಂಕೆ ಬದಲಿಸಿದರೆ ಸಾಕು.

ನಾನು ಇಸ್ತ್ರಿ ಅಂಗಡಿಯವನು. ಓದು ಏಳನೆಯ ತರಗತಿಗೇ ನಿಂತಿತು, ಹೆದರಿಕೆ ಮಾತ್ರ ನಿಲ್ಲಲಿಲ್ಲ. 'ಪಾಸ್‌ವರ್ಡ್ ಯಾರಿಗೂ ಹೇಳಬೇಡಿ' ಎಂದು ನಿಮ್ಮ ಗೋಡೆಯ ಮೇಲೆ ಫಲಕ ಇದೆಯಲ್ಲ, ಅದನ್ನು ಪಾಲಿಸಿದ್ದರಿಂದಲೇ ಇದೆಲ್ಲ ಬಯಲಾದದ್ದು. ರಕ್ತಪರೀಕ್ಷೆಯ ವರದಿಯನ್ನು ಪ್ರಿಂಟ್ ತೆಗೆಸಲು ಜೆರಾಕ್ಸ್ ಅಂಗಡಿಗೆ ಹೋದವನು, ಪಾಸ್‌ವರ್ಡ್ ಹೇಳಬಾರದೆಂದು, ಫೋನಿನಲ್ಲಿ ತೆರೆದಿದ್ದ ನನ್ನ ಪುಟದ ತಲೆಯ ಮೇಲಿನ, ಕೊನೆಗೆ ಸಂಖ್ಯೆಯಿರುವ ಉದ್ದನೆಯ ಸಾಲನ್ನೇ ಓದಿ ಹೇಳಿದೆ. ಅಂಗಡಿಯಾಕೆ ಟೈಪ್ ಮಾಡಿದರು. ಪಾಸ್‌ವರ್ಡ್ ಕೇಳದೆಯೇ ಪುಟ ತೆರೆಯಿತು.

"ಅಣ್ಣಾ, ನೀವು ಗರ್ಭಿಣಿ ಅಂತಿದೆಯಲ್ಲ!" ಎಂದು ಆಕೆ ನಕ್ಕರು.

ಕೊನೆಯ ಆರರ ಬದಲು ಏಳು ಒತ್ತಿದ್ದರು, ಅಷ್ಟೆ. ಯಾರೋ ಹೆಣ್ಣುಮಗಳ ಹೆಸರು, ಮನೆ ವಿಳಾಸ, ಫೋನ್ ನಂಬರು ಎಲ್ಲ ಕಣ್ಣೆದುರು. ಕೂಡಲೇ ಆ ಪುಟ ಮುಚ್ಚಿಸಿದೆ. ನನ್ನ ತಂಗಿ ಹೊಡೆಯುವ ಗಂಡನನ್ನು ಬಿಟ್ಟು ಬಂದವಳು. ಅವಳಿರುವ ಮನೆ ಅವನಿಗೆ ಗೊತ್ತಿಲ್ಲ, ನಿಮಗೆ ಗೊತ್ತು. ಅವಳ ಮಾತ್ರೆ ಮನೆಗೆ ಬರಬೇಕಾದರೆ ವಿಳಾಸ ತುಂಬಲೇಬೇಕು ಎಂದವರು ನೀವೇ. ಅವನೂ ನಿಮ್ಮಲ್ಲೇ ಬಿಪಿ ತೋರಿಸಿಕೊಳ್ಳುವವನು.

ನಿಮ್ಮ ಕೌಂಟರಿನವರಿಗೆ ಹೇಳಿದೆ.

"ಪಾಸ್‌ವರ್ಡ್ ಬದಲಾಯಿಸ್ಕೊಳ್ಳಿ."

"ಅದು ಪಾಸ್‌ವರ್ಡ್ ಕೇಳೋದೇ ಇಲ್ವಲ್ಲ ಸಾರ್."

"ಹಾಗಾದ್ರೆ ಇನ್ನೂ ಗಟ್ಟಿ ಪಾಸ್‌ವರ್ಡ್ ಇಟ್ಕೊಳ್ಳಿ."

ನಿಮ್ಮ ಕಚೇರಿಯ ಉತ್ತರ ಇನ್ನೂ ಘನವಾದದ್ದು: ಅಷ್ಟುದ್ದದ ಸಂಖ್ಯೆಯನ್ನು ಯಾರೂ ಊಹಿಸಲಾರರಂತೆ. ಊಹೆ ಯಾಕೆ ಬೇಕು ಸ್ವಾಮಿ? ತನ್ನ ಪಾಸ್‌ವರ್ಡ್ ಹಾಕಿ ಒಳಗೆ ಹೋದವನಿಗೆ ಆ ಸಲ ತನಗೆ ಸಿಕ್ಕ ಸಂಖ್ಯೆ ಕಾಣುತ್ತದೆ. ಅದನ್ನು ಹಿಂದಕ್ಕೊಂದು ಮುಂದಕ್ಕೊಂದು ಸರಿಸುತ್ತಾ ಹೋದರೆ ಆ ಹೊತ್ತಿಗೆ ಒಳಗಿರುವವರೆಲ್ಲ ಸಿಗುತ್ತಾರೆ. ಕಾಯುವ ಕೋಣೆಯ ಟೋಕನ್ ಒಂದರ ಹಿಂದೆ ಒಂದು ಬರಲಿ, ನನಗಿಂತ ಮುಂದೆ ಯಾರು ಎಂದು ಗೊತ್ತಾಗಲೇಬೇಕು. ಬೀಗದಕೈಯನ್ನೂ ಅದೇ ಯಂತ್ರದಿಂದ ಹರಿದು ಕೊಟ್ಟರೆ ಹೇಗೆ?

ಇದನ್ನು ಪತ್ರಿಕೆಗೆ ಬರೆದರೆ ತಂಗಿಯ ಗಂಡನೇ ಓದಿಯಾನು ಎಂದು ಹೆದರಿ, ಮೊದಲು ಅವಳನ್ನು ಬೇರೆ ಮನೆಗೆ ಸಾಗಿಸಿದೆ. ಬೇರೆಯವರ ತಂಗಿಯರನ್ನು ಯಾರು ಸಾಗಿಸಬೇಕು? ಅಷ್ಟರಲ್ಲಿ 'ಸರಿಪಡಿಸಲಾಗಿದೆ' ಎಂಬ ನಿಮ್ಮ ಸಂದೇಶ ಬಂತು. ಸಂತೋಷ. ಆದರೆ ಅಂಗಡಿ ಮುಚ್ಚಿ ಹೊರಟು, ಬೀಗ ಎಳೆದುನೋಡಲು ಅರ್ಧ ದಾರಿಯಿಂದ ಹಿಂತಿರುಗುವ ಮನುಷ್ಯ ನಾನು. ತಂಗಿಯೂ ನಾನೂ ಅಕ್ಕಪಕ್ಕ ಕೂತು, ಎರಡು ಫೋನುಗಳಲ್ಲಿ ಒಬ್ಬರಾದ ಮೇಲೊಬ್ಬರು ಒಳಹೊಕ್ಕೆವು. ಸಂಖ್ಯೆಯ ಮುಂದೆ ಹೊಸದಾಗಿ ಅಕ್ಷರಗಳ ಮೆರವಣಿಗೆ ಇದೆ, ಇಬ್ಬರದೂ ಒಂದೇ. ಕೊನೆಯ ಅಂಕೆ ಮಾತ್ರ ಅವಳದು ನಾಲ್ಕು, ನನ್ನದು ಐದು.

"ಅಣ್ಣಾ, ಮಾತ್ರೆ ಮುಗೀತಾ ಬಂತು. ಹೊಸ ಮನೆ ವಿಳಾಸ ಹಾಕ್ಲಾ, ಬೇಡ್ವಾ?" ಎಂದು ಕೇಳಿದಳು.

ಏನು ಹೇಳಲಿ? ಒಳಬರುವ ಪ್ರತಿಯೊಬ್ಬರಿಗೂ, ಪ್ರತಿ ಸಲವೂ, ಹಿಂದುಮುಂದಿನ ಲೆಕ್ಕಕ್ಕೆ ಸಿಗದ ಸಂಖ್ಯೆ ಕೊಡಿ. ಅದಾಗುವ ತನಕ ಜಾಲತಾಣ ಮುಚ್ಚಿ, ಮಾತ್ರೆಯನ್ನು ಕೌಂಟರಿನಲ್ಲೇ ಕೊಡಿ. ತಂಗಿ ಇನ್ನೂ ವಿಳಾಸದ ಜಾಗ ಖಾಲಿ ಬಿಟ್ಟುಕೊಂಡು ನನ್ನ ಮುಖ ನೋಡುತ್ತಿದ್ದಾಳೆ. ದಯವಿಟ್ಟು ಆ ಕೊನೆಯ ಅಂಕೆಯೊಂದನ್ನು ಇನ್ನೊಮ್ಮೆ ನೋಡಿ.

ಇಂತಿ,
ಬೀಗ ಹಾಕಿದ ಮೇಲೂ ಎಳೆದುನೋಡುವ
ಇಸ್ತ್ರಿ ಅಂಗಡಿಯವನು