ಅಂಬಿಗನ ತಂಗಿ

ಅಣ್ಣಾ,

ಈಗ ರಾತ್ರಿ ಎರಡೂವರೆ. ಹಜಾರದಲ್ಲಿರುವ ಫೋನು ಒಂದೇ ಒಂದು ಸಲ ‘ಟಿಣ್’ ಅಂತು. ಮಗು ಮಗ್ಗುಲು ಬದಲಿಸಿದರೂ ಎಚ್ಚರಾಗುವವಳು ನಾನು. ಕತ್ತಲಲ್ಲೇ ಎದ್ದು ಓಡಿದೆ, ತೊಟ್ಟಿಲ ಕಾಲಿಗೆ ಬೆರಳು ತಾಗಿಸಿಕೊಂಡು. ರಿಸೀವರ್ ಎತ್ತಿದರೆ ಬರೀ ಗುಂಯ್ ಅನ್ನುವ ಸದ್ದು. ಒಳಗಿನಿಂದ ನಮ್ಮವರು “ಯಾರೇ ಅದು?” ಅಂದರು. “ಯಾರೂ ಇಲ್ಲ” ಅಂದೆ. “ಕಂಬದ್ ಮ್ಯಾಲೆ ಗೂಬೆ ಗೀಬೆ ಕೂತಿರ್ತದೆ, ಬಂದು ಮಲ್ಕೋ” ಅಂದು ಆ ಕಡೆ ತಿರುಗಿಕೊಂಡರು. ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿದೆ. ಮತ್ತೆ ನಿದ್ದೆ ಹತ್ತುವ ಹಾಗಿರಲಿಲ್ಲ. ಅಡುಗೆಮನೆ ದೀಪ ಹಾಕಿಕೊಂಡು ನಿನಗೆ ಬರೆಯಲು ಕೂತಿದ್ದೇನೆ.

ಫೋನಿನ ವಿಷಯವೇ ನಿನಗೆ ಗೊತ್ತಿಲ್ಲ, ಅಲ್ಲವಾ? ನನ್ನ ಮದುವೆಯಾದ ವರ್ಷ ನೀನೇ ಅರ್ಜಿ ತುಂಬಿ ನಮ್ಮವರ ಕೈಲಿ ಸಹಿ ಹಾಕಿಸಿದ್ದೆ. “ನನ್ ತಂಗಿ ಪಾಂಡವಪುರದಲ್ಲಿ ಕೂತು ಅತ್ರೆ ನಾಗಮಂಗಲದ ಸರ್ವೆ ಆಫೀಸಿಗೆ ಕೇಳಿಸ್ಬೇಕು ಭಾವ” ಅಂದಿದ್ದೆ. ಆ ಲೈನು ಹೋದ ತಿಂಗಳು ಬಂತು. ಲೈನ್‌ಮ್ಯಾನು ತಂತಿ ಸಿಕ್ಕಿಸಿ, “ಮಾತಾಡಿ ನೋಡಿ ಅಕ್ಕ, ಯಾರಿಗಾದ್ರೂ ಒಂದು ಮಾಡಿ” ಅಂದ. ನಾನು ರಿಸೀವರ್ ಒರೆಸಿ ಹಾಗೇ ಇಟ್ಟೆ. ಇನ್ನೊಂದು ಸುದ್ದಿ: ನಿನಗೆ ಒಬ್ಬ ಅಳಿಯ ಹುಟ್ಟಿದ್ದಾನೆ. ನಿನ್ನ ಹಾಗೆಯೇ ಹಗಲೆಲ್ಲ ಮಲಗಿ ಕತ್ತಲಾದ ಮೇಲೆ ಕಣ್ಣು ಬಿಡುತ್ತಾನೆ.

ಆದರೆ ಈ ಹೊತ್ತಿನಲ್ಲಿ ಬರೆಯುತ್ತಿರುವುದು ಅದಕ್ಕಲ್ಲ. ನಿನ್ನ ಮಗಳು ಚೈತ್ರ ಪಕ್ಕದ ಕೋಣೆಯಲ್ಲಿ ಅವಳಮ್ಮನ ಜೊತೆ ಮಲಗಿದ್ದಾಳೆ. ಅತ್ತಿಗೆಗೆ ನಿನ್ನ ಕೆಲಸದ ಬದಲಿಗೆ ಕೆ.ಆರ್. ಪೇಟೆಯಲ್ಲಿ ಕೆಲಸ ಕೊಟ್ಟಿದ್ದಾರೆ. ಇವತ್ತೇ ಹಾಜರಾಗಬೇಕು, ಬೆಳಗಿನ ಮೊದಲ ಬಸ್ಸಿಗೇ ಹೊರಡುತ್ತಾರೆ. ನಿನ್ನೆ ಸಂಜೆ ಶ್ರೀರಂಗಪಟ್ಟಣದಿಂದ ಇಲ್ಲಿಗೆ ಬಂದು ಇಳಿದ ಚೈತ್ರ ಚಪ್ಪಲಿ ಬಿಚ್ಚುವ ಮೊದಲೇ ತನ್ನ ಚೀಲದಿಂದ ಒಂದು ಬಟ್ಟೆಗಂಟು ತೆಗೆದು ನನ್ನ ಮುಂದಿಟ್ಟಳು. ಅಜ್ಜಿಯ ಚೌಕಾಬಾರದ ನಾಲ್ಕು ಕವಡೆ. “ಅತ್ತೆ, ದಾರಿ ಆಟ ಆಡ್ಸು. ನಾವಿನ್ನೂ ನದಿ ದಡದಲ್ಲೇ ಕೂತಿದ್ದೀವಿ” ಅಂದಳು.

ನೀನು ಈ ಆಟವನ್ನು ಮನೆಗೆ ತಂದ ದಿನ ನೆನಪಿದೆಯಾ? ಡಿಪ್ಲೊಮಾ ಓದುವಾಗ ಮೈಸೂರಿನ ಹಾಸ್ಟೆಲ್‌ನಲ್ಲಿ ಯಾರೋ ಹುಡುಗ ಹೊರದೇಶದ ಆಟದ ಪುಸ್ತಕವೊಂದರ ಜೆರಾಕ್ಸು ಇಟ್ಟುಕೊಂಡಿದ್ದ. ಒಬ್ಬರು ಜಾಗ ಕಟ್ಟಬೇಕು, ಅಲ್ಲಿ ಎದುರಾಗುವವರ ಮಾತು ಆಡಬೇಕು. ಮಿಕ್ಕವರು ಒಂದೊಂದು ವೇಷ ತೊಟ್ಟು, ತಾವು ಅಲ್ಲಿ ಏನು ಮಾಡುತ್ತೇವೆ ಅಂತ ಹೇಳಬೇಕು. ಆಯಿತೋ ಇಲ್ಲವೋ ಅನ್ನುವುದನ್ನು ದಾಳ ಹೇಳುತ್ತದೆ. ಹೊರದೇಶದ ಬಹುಮುಖದ ದಾಳಗಳು ನಮಗೆಲ್ಲಿ ಸಿಗಬೇಕು? ನೀನು ಅಜ್ಜಿಯ ಕವಡೆಗೆ ಕೈ ಹಾಕಿದೆ. ನಾಲ್ಕೂ ಬೋರಲು ಬಿದ್ದರೆ ಪವಾಡ, ಒಂದೇ ಅಂಗಾತ ಬಿದ್ದರೆ ಪಜೀತಿ. ನಾನು ಕತ್ತಿ ಹಿಡಿದ ಕೆಂಪಿ. ಚೈತ್ರ ಮಾತು ಕಲಿತು ನಮ್ಮ ಜೊತೆ ಸೇರಿದ ಮೇಲೆ ಅವಳು ಮಿಂಚು ಅನ್ನುವ ಕಳ್ಳಿ.

ನಮ್ಮೂರ ಕೋಟೆಯ ಗೋಡೆಯ ಹತ್ತಿರ ನೀನು ಕಲಿಸಿದ ಮೊದಲ ಪಾಠ ಈಗಲೂ ಕಿವಿಯಲ್ಲಿದೆ. ನದಿಗೆ ಇಳಿಯುವ ಕಿರಿದಾದ ಮೆಟ್ಟಿಲ ಮುಂದೆ ನನ್ನನ್ನು ನಿಲ್ಲಿಸಿ, “ಇಲ್ಲೇನದೆ ಯೋಳು” ಅಂದೆ. “ಮೆಟ್ಲು” ಅಂದೆ. “ಅಯ್ಯೋ ಪೆದ್ದಿ, ಮೆಟ್ಲು ದನಕ್ಕೂ ಕಾಣ್ತದೆ. ಇದು ಯಾರೋ ಗುಟ್ಟಾಗಿ ಈಚೆಗ್ ಬರಕ್ಕೆ ಮಾಡ್ಕಂಡಿರೋ ದಾರಿ. ಯಾರು ಬಂದ್ರು? ಇಂದೆ ತಿರುಗಿ ನೋಡುದ್ರಾ? ಅದನ್ನ ಕಟ್ಟು ಮೊದ್ಲು, ಗೋಡೆ ಆಮೇಲೆ ಕಟ್ಟೀವಂತೆ.” ಹುಟ್ಟಿದಾಗಿನಿಂದ ಆ ಮೆಟ್ಟಿಲ ಮೇಲೆ ಬಟ್ಟೆ ಒಣಗಿಸಿದ್ದವಳು ನಾನು. ಆವತ್ತಿನಿಂದ ಅಲ್ಲಿ ಒಬ್ಬಳೇ ಇಳಿಯಲು ಭಯವಾಗತೊಡಗಿತು. ಅದು ನಿನ್ನ ತಪ್ಪೇ.

ಸಿಂಧಘಟ್ಟದ ಮದುವೆ ಮುಗಿಸಿ ಬರುವಾಗ ಮಾಕವಳ್ಳಿಯ ಸಕ್ಕರೆ ಕಾರ್ಖಾನೆಯ ಮುಂದೆ ಬಸ್ಸು ನಿಂತಿತ್ತು. ಕಬ್ಬಿನ ಗಾಡಿಗಳ ಸಾಲು, ಹೊಗೆ, ಬೆಲ್ಲ ಸೀದ ಹಾಗಿನ ವಾಸನೆ. ನೀನು ಕಿಟಕಿಯಿಂದ ತಲೆ ಹೊರಗೆ ಹಾಕಿ, “ದೈತ್ಯನ ಅಡುಗೆಮನೆ ಸಿಕ್ತು ಕಣೇ” ಅಂದೆ. ಮುಂದಿನ ವಾರದ ಆಟದಲ್ಲೇ ನಾವು ಅದರೊಳಗಿದ್ದೆವು. ನಾನು ದೈತ್ಯನ ತಲೆ ಕಡಿಯುವ ಉತ್ಸಾಹದಲ್ಲಿದ್ದರೆ ನೀನು ಬಾಗಿಲಲ್ಲಿ ಗಾಡಿ ಹೊಡೆಯುವ ಮುದುಕನೊಬ್ಬನನ್ನು ಕೂರಿಸಿದ್ದೆ. ಅವನಿಗೆ ನಿದ್ದೆ, ಅವನ ಎತ್ತಿಗೆ ನೀರಡಿಕೆ. “ಕತ್ತಿ ಆಮೇಲೆ ತಿರುಗ್ಸವ್ವ, ಮೊದ್ಲು ನೊಗ ಇಳ್ಸು” ಅಂದ. ದೈತ್ಯನ ಮುಖವನ್ನೇ ನೋಡದೆ ಕೆಂಪಿ ಇಡೀ ಆಟ ಕಬ್ಬು ಇಳಿಸಿದಳು! ನಾನು ಸಿಟ್ಟಿನಿಂದ ಕವಡೆ ಎಸೆದರೆ ನೀನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. “ಎದುರಿಗೆ ಬಂದೋರೆಲ್ಲ ಒಡೆದಾಡಕ್ಕೇ ಬರ್ತಾರೇನೇ? ಅವ್ರಿಗೇನು ಬೇಕು ಕೇಳು.”

ನಾನು ಕಟ್ಟಿದ ಮೊದಲ ಜಾಗವನ್ನು ನೀನು ಎಷ್ಟು ಆಡಿಕೊಂಡೆ! ಹೊಣಕೆರೆಯಲ್ಲಿ ನಿನ್ನ ಅಳತೆ ಕೆಲಸ ಮುಗಿಯುವವರೆಗೆ ಮರದ ಕೆಳಗೆ ಕೂತು ಒಂದು ಅರಮನೆ ಯೋಚಿಸಿದ್ದೆ. ಏಳು ಬಾಗಿಲು, ಬಾಗಿಲಿಗೊಬ್ಬ ಕಾವಲುಗಾರ, ಒಬ್ಬೊಬ್ಬನದೂ ಒಂದೊಂದು ಒಗಟು. ಮೂರನೇ ಬಾಗಿಲಿಗೆ ನೀನು ಆಕಳಿಸಿದೆ. “ಏನಮ್ಮ ಇದು, ಮದುವೆ ಮನೆ ಬಾಗ್ಲಲ್ಲಿ ಪನ್ನೀರು ಆಕೋರಂಗೆ ಸಾಲಾಗಿ ನಿಂತವ್ರೆ? ಇವ್ರಿಗೆ ಎಂಡ್ರು ಮಕ್ಳು ಇಲ್ವಾ? ಊಟ ಯಾರು ತಂದ್ಕೊಡ್ತಾರೆ?” ನಾನು ಅಳುಮುಖ ಮಾಡಿದಾಗ ದನಿ ತಗ್ಗಿಸಿ ಹೇಳಿದ್ದೆ: “ನೀನು ಕತೆ ಮುಗ್ಸಬ್ಯಾಡ ಕಣೇ. ಜಾಗ ಕೊಡು, ಅಲ್ಲೊಬ್ಬರನ್ನ ಕೂರ್ಸು, ಅವ್ರಿಗೊಂದು ಆಸೆ ಕೊಡು. ಮಿಕ್ಕಿದ್ದು ಆಡೋರು ಮಾಡ್ಕತಾರೆ.”

ಮತ್ತೆ ಅಂಬಿಗ. ಯಾವ ಆಟವಾದರೂ ಎಲ್ಲೋ ಒಂದು ನದಿ ಅಡ್ಡ ಬರುತ್ತಿತ್ತು, ಮಂಜಿನೊಳಗಿಂದ ಅವನ ಹರಿಗೋಲು ಬರುತ್ತಿತ್ತು. ನೀನು ಟವೆಲನ್ನು ತಲೆಗೆ ಸುತ್ತಿಕೊಂಡು ಗಂಟಲು ದಪ್ಪ ಮಾಡಿಕೊಳ್ಳುತ್ತಿದ್ದೆ. “ಕಾಸು ಬ್ಯಾಡ ಕಣವ್ವ. ಒಂದು ನಿಜ ಯೋಳು, ಅರಿಗೋಲು ಅತ್ಕೋ.” ಬಿ.ಎ. ಕೊನೆಯ ವರ್ಷದಲ್ಲಿ, ಇನ್ನೂ ಪರೀಕ್ಷೆ ಮುಗಿಯುವ ಮೊದಲೇ ಪಾಂಡವಪುರದ ಈ ಸಂಬಂಧ ಬಂದಿತ್ತಲ್ಲ, ಆಗ ಕೆಂಪಿ ಅವನಿಗೆ ಕೊಟ್ಟ ನಿಜ ನೆನಪಿದೆಯಾ? “ಈಗ್ಲೇ ಮದುವೆ ಬ್ಯಾಡ. ನಾನು ಪರೀಕ್ಷೆ ಬರೀಬೇಕು.” ಮನೆಯಲ್ಲಿ ಯಾರ ಮುಂದೆಯೂ ಬಾಯಿಗೆ ಬಾರದ ಮಾತು ಅವನ ಮುಂದೆ ಬಂತು. ಅಂಬಿಗ ಹುಟ್ಟು ಎತ್ತಿಕೊಂಡ. “ನಡುಮಧ್ಯ ಕೂತ್ಕೋ, ಇಲ್ದಿದ್ರೆ ಮಗುಚ್ತದೆ” ಅಂದ, ಅಷ್ಟೆ. ಮಾರನೇ ದಿನ ನೀನು ಕೊಟ್ಟಿಗೆಯಲ್ಲಿ ಅಪ್ಪನ ಜೊತೆ ಬಹಳ ಹೊತ್ತು ಮಾತಾಡಿದೆ. ಮದುವೆ ಪರೀಕ್ಷೆ ಮುಗಿಯುವವರೆಗೆ ಮುಂದಕ್ಕೆ ಹೋಯಿತು. ಅಂಬಿಗನಿಗೆ ಹೇಳಿದ ಮಾತು ಅಣ್ಣನಿಗೆ ಹೇಗೆ ಗೊತ್ತಾಯಿತು ಅಂತ ನಾನೂ ಕೇಳಲಿಲ್ಲ, ನೀನೂ...

ಹೋದ ವರ್ಷದ ಯುಗಾದಿ ರಜೆಯಲ್ಲಿ ನೀನು ಆಡಿಸಿದ ಕೊನೆಯ ಆಟದಲ್ಲಿ ನಮ್ಮನ್ನು ಅದೇ ನದಿಯ ದಡಕ್ಕೆ ತಂದು ನಿಲ್ಲಿಸಿದ್ದೆ. “ನದಿ ತುಂಬಿ ಅರೀತಾ ಅದೆ. ಆಚೆ ದಡ ಕಾಣಲ್ಲ. ನೀವಿಬ್ರೂ ಕೂತಿದ್ದೀರ. ಅಂಬಿಗ ಬರ್ತಾನೆ. ಮಿಕ್ಕಿದ್ದು ನಾಳೆ.” ಮಾರನೇ ದಿನ ಜ್ವರ ಅಂದೆ. ಕಣ್ಣು ಹಳದಿಯಾದಾಗ ಎಲ್ಲರೂ ಕಾಮಾಲೆ, ಬೇರು ಅರೆದು ಕೊಟ್ಟರೆ ಹೋಗುತ್ತೆ ಅಂದರು. ಆಮೇಲೆ ಮೈಸೂರಿನ ಆಸ್ಪತ್ರೆ. ಆಮೇಲೆ... ಅದನ್ನು ನಿನಗೆ ಯಾಕೆ ಹೇಳಲಿ. ಆವತ್ತಿನಿಂದ ನಿನ್ನ ಮಗಳು ಆ ದಡದಲ್ಲೇ ಕೂತಿದ್ದಾಳೆ. ಅವಳಿಗೆ ನಾವು ಹೇಳಿರುವುದು ‘ಅಪ್ಪ ದೇವರ ಹತ್ತಿರ ಹೋಗಿದ್ದಾರೆ’ ಅಂತ. ಹೋದವರು ಬರುತ್ತಾರಲ್ಲವಾ, ಆ ವಯಸ್ಸಿನ ಲೆಕ್ಕದಲ್ಲಿ?

ನಿನ್ನೆ ಸಂಜೆ ಅವಳಿಗೆ ದೋಸೆ ಹಾಕಿಕೊಡುತ್ತಾ, “ಈಗ ಬೇಡ ಕಂದ, ಇನ್ನೊಂದು ಸಲ ಬಂದಾಗ ಆಡೋಣ” ಅಂದೆ. ಅವಳು ತಟ್ಟೆ ದೂರ ತಳ್ಳಿದಳು. “ನಾನು ಒಂದು ನಿಜ ಇಟ್ಕಂಡಿವ್ನಿ ಅತ್ತೆ. ಅಂಬಿಗಂಗೆ ಯೋಳೋದು.” ನನಗೆ ಹೇಳು ಅಂದರೆ, “ನಿಂಗಲ್ಲ. ಅವ್ನಿಗೇ.” ತಟ್ಟೆಯನ್ನು ಮತ್ತೆ ಹತ್ತಿರ ಎಳೆದುಕೊಂಡು ಮೆಲ್ಲಗೆ ಕೇಳಿದಳು, “ಅವ್ನು ಅಪ್ಪನ ತರಾನೇ ಮಾತಾಡ್ತಾನಲ್ವಾ?” ಹಗಲು ಕತೆ ಹೇಳಿದರೆ ದಾರಿಯಲ್ಲಿ ಹೋಗುವವರು ದಾರಿ ತಪ್ಪುತ್ತಾರೆ ಅಂತ ಅವ್ವ ನಮ್ಮನ್ನು ಗದರಿಸುತ್ತಿದ್ದಳಲ್ಲ, ಅದನ್ನೂ ಮೊಮ್ಮಗಳಿಗೆ ಕಲಿಸಿದ್ದಾಳೆ. “ಬೆಳಕಾಗೋಕ್ ಮುಂಚೆ ಎಬ್ಬುಸ್ಬುಡು ಅತ್ತೆ. ಬೆಳಕಾದ್ ಮ್ಯಾಲೆ ಆಡುದ್ರೆ ನಮ್ ಬಸ್ಸೇ ದಾರಿ ತಪ್ಬುಡ್ತದೆ” ಅಂದಳು. ಎಬ್ಬಿಸುತ್ತೇನೆ ಅಂತ ಮಾತು ಕೊಟ್ಟುಬಿಟ್ಟೆ.

ಅತ್ತಿಗೆ ಪಾತ್ರೆ ತೊಳೆಯುವ ನೆಪದಲ್ಲಿ ನನ್ನ ಪಕ್ಕ ಬಂದು ನಿಂತರು. ನಲ್ಲಿ ಜೋರಾಗಿ ಬಿಟ್ಟುಕೊಂಡೇ ಮಾತಾಡಿದರು. “ಸುಧಾ, ಆಡ್ಸು, ಬ್ಯಾಡ ಅನ್ನಲ್ಲ. ಅವ್ರ ದನಿ ಮಾತ್ರ ಮಾಡ್ಬ್ಯಾಡ ಕಣವ್ವ. ಗೇಟು ಸದ್ದಾದ್ರೆ ಮಗು ಈಗ್ಲೂ ಓಡ್ತದೆ. ಓಡ್ಹೋಗಿ ನಿಂತ್ಕತದೆ.” ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, “ನಾನೂ ಓಡ್ತೀನಿ” ಅಂದರು.

ಈಗ ಹೇಳು, ಈ ಜಾಗವನ್ನು ನಾನು ಹೇಗೆ ಕಟ್ಟಲಿ? ಟವೆಲು ಸುತ್ತಿಕೊಂಡು ಗಂಟಲು ದಪ್ಪ ಮಾಡಿದರೆ ಚೈತ್ರ ತನ್ನ ನಿಜ ಕೊಟ್ಟುಬಿಡುತ್ತಾಳೆ. ಆದರೆ ಸುಳ್ಳು ದನಿಗೆ ಕೊಟ್ಟ ನಿಜ ಎಲ್ಲಿಗೆ ಹೋಗುತ್ತದೆ? ಪ್ರತಿ ರಜೆಗೂ ಅವಳು ನನ್ನ ಗಂಟಲಲ್ಲಿ ಅಪ್ಪನನ್ನು ಹುಡುಕಿಕೊಂಡು ಬಂದರೆ? ಬರೀ ಹರಿಗೋಲು ಇದೆ, ಅಂಬಿಗ ಇಲ್ಲ ಅಂದರೆ, ಇಷ್ಟು ದಿನ ಹಿಡಿದುಕೊಂಡಿದ್ದನ್ನು ಆ ಮಗು ಯಾರ ಕೈಗೆ ಇಡಬೇಕು? ಪ್ರವಾಹ ಬಂತು, ಸೇತುವೆ ಸಿಕ್ಕಿತು, ಬೇರೆ ದಾರಿಯಲ್ಲಿ ಹೋದೆವು ಅನ್ನಬಹುದು. ನೀನಾಗಿದ್ದರೆ ಆಕಳಿಸುತ್ತಿದ್ದೆ.

ಇಷ್ಟು ಬರೆಯುವುದರಲ್ಲಿ ಮಗು ಎದ್ದು ಹಾಲು ಕುಡಿದು ಮಲಗಿತು. ತೊಡೆಯ ಮೇಲೆ ಅವನನ್ನು ತಟ್ಟುವಾಗ ಒಂದು ಹೊಳೆಯಿತು. ಸರಿಯೋ ತಪ್ಪೋ ನೀನೇ ಹೇಳಬೇಕು. ದಡದಲ್ಲಿ ಹರಿಗೋಲು ಬೋರಲು ಹಾಕಿದೆ. ಪಕ್ಕದಲ್ಲಿ ಹುಟ್ಟು ಹಿಡಿದು ಒಬ್ಬ ಹೆಂಗಸು ಕೂತಿದ್ದಾಳೆ. ಅವಳು ಅಂಬಿಗನ ತಂಗಿ. ದನಿ ಅವಳದೇ, ಅಂದರೆ ನನ್ನದೇ. ಅವಳಿಗೆ ಹರಿಗೋಲು ನಡೆಸಲು ಬರುವುದಿಲ್ಲ. ನಿಂತಲ್ಲೇ ಗಿರಗಿರ ತಿರುಗಿಸಿಬಿಡುತ್ತಾಳೆ. ಅವಳಿಗೇನು ಬೇಕು? ದಾಟಬೇಕು, ಆದರೆ ಒಬ್ಬಳೇ ದಾಟಲು ಭಯ. ಚೈತ್ರ “ಅಂಬಿಗ ಎಲ್ಲಿ?” ಅಂತ ಕೇಳೇ ಕೇಳುತ್ತಾಳೆ. ಆಗ ಕೂಲಿಯನ್ನು ಮೊದಲು ತಂಗಿಯೇ ಕೊಡಬೇಕು. ನಮ್ಮ ಮನೆಯಲ್ಲಿ ಯಾರೂ ಅವಳಿಗೆ ನೇರವಾಗಿ ಕೊಡದ ನಿಜ. “ಅವನು ಸತ್ತುಹೋದ ಕಂದ. ಬರಲ್ಲ. ನಾನೂ ಕಾಯ್ತಾನೇ ಇದ್ದೆ.”

ಅದನ್ನು ಇಲ್ಲಿ ಬರೆಯಲು ನನಗೆ ಅರ್ಧ ಗಂಟೆ ಹಿಡಿಯಿತು ಅಣ್ಣ. ಬಾಯಲ್ಲಿ ಬರುತ್ತದಾ? ಮೊದಲು ಅತ್ತಿಗೆಯನ್ನು ಎಬ್ಬಿಸಿ ಕೇಳುತ್ತೇನೆ. ಅವರು ಬೇಡ ಅಂದರೆ ಇಲ್ಲ. ಸರಿ ಅಂದರೆ ಅವರನ್ನೂ ಕೂರಿಸಿಕೊಳ್ಳುತ್ತೇನೆ, ಅವರಿಗೂ ಒಂದು ವೇಷ ಕೊಡುತ್ತೇನೆ. ಮೂವರೂ ಸೇರಿ ಹರಿಗೋಲನ್ನು ನೀರಿಗೆ ಇಳಿಸಿದರೆ ಚೈತ್ರ ತನ್ನ ನಿಜವನ್ನು ಹೇಳಿಯಾಳು, ಹೇಳದೆಯೂ ಇದ್ದಾಳು. ಅದು ಆಡುವವಳಿಗೆ ಬಿಟ್ಟದ್ದು. ನಾನು ಕತೆ ಮುಗಿಸುವುದಿಲ್ಲ. ಹೆಂಗಸರು ಕೂತ ಹರಿಗೋಲು ಎಷ್ಟು ತಿರುಗಿದರೂ ಕೊನೆಗೆ ಎಲ್ಲೋ ಒಂದು ಕಡೆ ದಡ ಹತ್ತಬೇಕಲ್ಲ.

ನಾನು ಸಿಕ್ಕಿಬಿದ್ದಿರುವುದು ಅಲ್ಲೇ. ಆಚೆ ದಡದಲ್ಲಿ ಏನಿದೆ? ನೀನು ಹೇಳಲೇ ಇಲ್ಲ. ಮಂಜು ಅಂದೆ, ಕಾಣಲ್ಲ ಅಂದೆ, ನಾಳೆ ಅಂದೆ. ಕೋಟೆ, ದೈತ್ಯನ ಅಡುಗೆಮನೆ ಎಲ್ಲವನ್ನೂ ನೋಡಿಕೊಂಡು ಬಂದು ಕಟ್ಟಬಹುದು. ಆ ದಡವನ್ನು ನಾನು ನೋಡಿಲ್ಲ. ಅಲ್ಲಿ ಮರ ಇದೆಯಾ, ಮನೆ ಇದೆಯಾ, ಇಳಿಯುವ ಜಾಗ ಗಟ್ಟಿಯೋ ಕೆಸರೋ? ಅಲ್ಲಿ ಯಾರು ಕೂತಿದ್ದಾರೆ, ಅವರಿಗೇನು ಬೇಕು? ಅವಳು ಇಳಿದ ತಕ್ಷಣ ಕೇಳುವುದೇ ಅದನ್ನ. ಅದೊಂದಕ್ಕೆ ಮಾತ್ರ ಸುಳ್ಳು ಕಟ್ಟಲು ನನ್ನ ಕೈಲಾಗುವುದಿಲ್ಲ.

ಆಗ ‘ಟಿಣ್’ ಅಂದದ್ದು ನೀನೇ ಆಗಿದ್ದರೆ, ನಾನು ಓಡಿ ಬರುವಷ್ಟರಲ್ಲಿ ಇಟ್ಟುಬಿಟ್ಟೆಯಾ? ಯಾವಾಗಲೂ ಹಾಗೇ ನೀನು, ಎರಡು ಸಲ ಬಾಗಿಲು ಬಡಿಯುವ ತಾಳ್ಮೆ ಇಲ್ಲ. ಈ ಸಲ ಸ್ವಲ್ಪ ಹಿಡಿದುಕೋ. ಹಜಾರಕ್ಕೆ ಬಂದು ಕುರ್ಚಿಯನ್ನು ಫೋನಿನ ಪಕ್ಕಕ್ಕೇ ಎಳೆದುಕೊಂಡಿದ್ದೇನೆ. ಎಡಗೈ ರಿಸೀವರ್ ಮೇಲೇ ಇದೆ. ಆಗಲೇ ಯಾರದೋ ಮನೆಯ ಕೋಳಿ ಕೂಗಿತು, ಇನ್ನೂ ಕತ್ತಲಿದೆ, ಇನ್ನೂ ಹೊತ್ತಿದೆ. ನನ್ನ ಜೊತೆ ಮಾತಾಡಬೇಡ ಬಿಡು, ಹೇಗಿದ್ದೀಯ ಅಂತ ಕೇಳಬೇಡ, ಅಳಿಯನ ಹೆಸರೂ ಕೇಳಬೇಡ. ಆ ದಡದಲ್ಲಿ ಏನಿದೆ, ಅದೊಂದು ಹೇಳಿ ಇಟ್ಟುಬಿಡು. ಮಾಡು ಅಣ್ಣ. ಬೆಳಕು ಹರಿಯುವುದರೊಳಗೆ, ಅವಳು ಏಳುವುದರೊಳಗೆ, ಒಂದೇ ಒಂದು ಸಲ ಫೋನ್ ಮಾಡು.