ಎರಡನೆಯ ಶನಿವಾರದ ವಾರಂಟು

ಜೂನ್ 3, ಬುಧವಾರ. ಬೆಳಿಗ್ಗೆ

ವಾಕಿಂಗ್ ಮುಗಿಯಿತು. ಮೊಮ್ಮಗಳನ್ನು ಶಾಲೆಯ ವ್ಯಾನು ಹತ್ತಿಸಿ ಬಂದದ್ದಾಯಿತು. ಕೆಂಪು ಪೆನ್ಸಿಲ್ ಹಿಡಿದು ಅಳಿಯನ ಪ್ರಮಾಣಪತ್ರವನ್ನು ಮತ್ತೊಮ್ಮೆ ಓದಿದೆ. ಜೀವನಾಂಶದ ಮೊಕದ್ದಮೆಯಲ್ಲಿ ಗಂಡ ಹೆಂಡತಿ ಇಬ್ಬರೂ ತಂತಮ್ಮ ಆದಾಯ, ಆಸ್ತಿ, ಸಾಲಗಳನ್ನು ಪ್ರಮಾಣ ಮಾಡಿ ಬರೆದುಕೊಡಬೇಕೆಂಬುದು ಹೊಸ ನಿಯಮ. ಒಳ್ಳೆಯ ನಿಯಮ. ನನ್ನ ಮಗಳು ತನ್ನ ಹಳೆಯ ಹೊಲಿಗೆ ಯಂತ್ರವನ್ನೂ ಬಿಡದೆ ಬರೆದಳು. ಅವನದು ಒಂದೇ ಸಾಲು: ನಿರುದ್ಯೋಗಿ, ಆದಾಯವಿಲ್ಲ. ಪಕ್ಕದಲ್ಲಿ ದುಂಡಗೆ ಒಂದು ಸೊನ್ನೆ.

ಕಳೆದ ವಾಯಿದೆಯ ದಿನ ಕೋರ್ಟಿನ ಮೆಟ್ಟಿಲ ಮೇಲೆ ನಿಂತು, ನನಗೆ ಕೇಳಿಸಲೆಂದೇ ಅಂದ: "ಮಾವನವರ ಪೆನ್ಷನ್ ಇದೆಯಲ್ಲ. ಅವರಿಗಾದ್ರೂ ಬೇರೆ ಏನು ಖರ್ಚಿದೆ?"

ಅವನ ವಕೀಲರ ಗುಮಾಸ್ತನೂ ನಕ್ಕ. ನಗಲಿ.

ಜೂನ್ 9, ಮಂಗಳವಾರ

ಸಿಕ್ಕಿದ. ತನ್ನ ಅಕ್ಕನ ಗಂಡನ ಗಾಜಿನ ಅಂಗಡಿಯಲ್ಲಿ. ಎದುರಿನ ಬಸ್ ನಿಲ್ದಾಣದಲ್ಲಿ ಛತ್ರಿಯ ಮರೆಯಲ್ಲಿ ಕುಳಿತೆ. "ನಿರುದ್ಯೋಗಿ" ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಕಿಟಕಿಯ ಗಾಜು ಅಳೆಯುತ್ತಿದ್ದ, ಕೊಯ್ಯುತ್ತಿದ್ದ, ಕೆಲಸದವರನ್ನು ಗದರುತ್ತಿದ್ದ. ಕೈ ಚೆನ್ನಾಗಿದೆ, ಒಪ್ಪಬೇಕು. ಗೆರೆ ಎಳೆದಂತೆ ಗಾಜು ಬಿಟ್ಟುಕೊಳ್ಳುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದೆ. ಒಂದರಲ್ಲಿ ನನ್ನ ಹೆಬ್ಬೆರಳೇ ಬಿದ್ದಿದೆ. ಉಳಿದವು ಸ್ಪಷ್ಟ.

ಜೂನ್ 25, ಗುರುವಾರ

ನ್ಯಾಯಾಧೀಶರು ಫೋಟೊಗಳನ್ನು ಕನ್ನಡಕ ಏರಿಸಿ ನೋಡಿದರು. ಹೆಂಡತಿಗೆ ಇಷ್ಟು, ಮಗುವಿಗೆ ಇಷ್ಟು ಎಂದು ಬೇರೆ ಬೇರೆ ಆದೇಶ. ಅದೂ ಅರ್ಜಿ ಹಾಕಿದ ದಿನದಿಂದ! ಹಿಂದಿನದೆಲ್ಲ ಸೇರಿ ಬಾಕಿ ಅವನ ತಲೆಯ ಮೇಲೆ ಒಮ್ಮೆಗೇ ಬಿತ್ತು. ಅವನ ಮುಖ ನೋಡಿದೆ. ಬಹಳ ದಿನಗಳ ನಂತರ ಊಟ ರುಚಿಸಿತು.

ಸೆಪ್ಟೆಂಬರ್ 9, ಬುಧವಾರ

ಇಲ್ಲಿಯವರೆಗೆ ಒಂದು ಕಾಸೂ ಬಂದಿಲ್ಲ. ವಾರಂಟು ಹೊರಟಿದೆ. ಆದರೆ ಕಾನ್‌ಸ್ಟೇಬಲ್ ಹೋದಾಗಲೆಲ್ಲ ಮನೆಯಲ್ಲಿ "ಊರಲ್ಲಿಲ್ಲ", ಅಂಗಡಿಯಲ್ಲಿ "ಈಗ ತಾನೇ ಹೋದ್ರು".

ನಮ್ಮ ವಕೀಲೆ ನನ್ನ ಹಳೆಯ ವಿದ್ಯಾರ್ಥಿನಿ. ಅವಳು ಇಂದು ಬೇರೆಯೇ ರಾಗ ತೆಗೆದಳು. ಅಂಗಡಿಯ ಯಜಮಾನ, ಅಳಿಯನ ಭಾವ, ಕೋರ್ಟಿಗೆ ಹೆದರಿದ್ದಾನಂತೆ. ಅಳಿಯನ ಸಂಬಳದಿಂದ ತಿಂಗಳು ತಿಂಗಳು ಹಿಡಿದು ನೇರವಾಗಿ ಕಟ್ಟಲು ಒಪ್ಪಿದ್ದಾನಂತೆ. ಸೋಮವಾರ ಬರೆದುಕೊಡುತ್ತಾನೆ.

"ಜೈಲಿಗೆ ಹಾಕ್ಸಿದ್ರೆ ಬಾಕಿ ತೀರಲ್ಲ ಸರ್, ಹಾಗೇ ಇರತ್ತೆ. ದುಡಿಯೋನು ಹೊರಗಿದ್ರೇ ಮಗುಗೆ ದುಡ್ಡು."

ಮಗಳೂ ಒಪ್ಪಿದ್ದಾಳೆ. ನಾನು ಒಪ್ಪಿಲ್ಲ. ಕಂತಿನಲ್ಲಿ ಬರುವ ನ್ಯಾಯ ನನಗೆ ಬೇಡ. ಅವನು ತಲೆ ತಗ್ಗಿಸಿದ್ದನ್ನು ನೋಡಬೇಕು.

ಮೊಮ್ಮಗಳನ್ನು ನೋಡಲು ಅವನು ತಪ್ಪದೆ ಬರುವ ಜಾಗ ಒಂದಿದೆ. ತಿಂಗಳ ಎರಡನೆಯ ಶನಿವಾರ, ಕೋರ್ಟಿನ ಹಿಂಭಾಗದ ಮಕ್ಕಳ ಭೇಟಿಯ ಕೊಠಡಿ. ಮಗಳು ನನ್ನ ಮುಖದಲ್ಲೇ ಅದನ್ನು ಓದಿದಳು.

"ಅಪ್ಪಾ, ಆ ಕೊಠಡಿ ಒಂದನ್ನ ಬಿಟ್ಬಿಡಿ. ಅಲ್ಲಿ ಅವಳು ಆಟ ಆಡ್ತಾಳೆ."

ಆಗಲಿ ಎಂದು ತಲೆಯಾಡಿಸಿದೆ.

ಸೆಪ್ಟೆಂಬರ್ 12, ಶನಿವಾರ. ಸಂಜೆ

ಆಯಿತು.

ಬಣ್ಣ ಹಚ್ಚಿದ ಗಿಡ್ಡ ಕುರ್ಚಿಗಳು. ಮೂಲೆಯ ಮೇಜಿನಲ್ಲಿ ಉಸ್ತುವಾರಿಯ ಹೆಂಗಸು. ಚಾಪೆಯ ಮೇಲೆ ಅವನು ಬೋರಲು ಮಲಗಿದ್ದಾನೆ, ಎದುರಿಗೆ ಮೊಮ್ಮಗಳು, ನಡುವೆ ಹಾವು ಏಣಿಯ ಹಲಗೆ. ಅವಳು ದಾಳವನ್ನು ಮುಷ್ಟಿಯಲ್ಲಿ ಅಲ್ಲಾಡಿಸುತ್ತಿದ್ದಳು. ಮಫ್ತಿಯಲ್ಲಿದ್ದ ಕಾನ್‌ಸ್ಟೇಬಲ್ ಬಗ್ಗಿ ಅವನ ಕಿವಿಯಲ್ಲಿ ಹೇಳಿದ — ಸಭ್ಯ ಮನುಷ್ಯ.

ಅವನು ಎದ್ದ. ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದ.

"ಮಾವ, ಅರ್ಧ ಗಂಟೆ ಇರ್ಲಿ. ಈ ಆಟ ಒಂದು ಮುಗೀಲಿ."

"ನಿಮ್ಮ ಆಟ ಮುಗಿದಿದೆ," ಎಂದೆ. ಬಹುವಚನ ಬಿಡಲಿಲ್ಲ.

ತಲೆ ತಗ್ಗಿಸಿದ. ನೋಡಿದೆ. ಆದರೆ ಅವನು ತಗ್ಗಿಸಿದ್ದು ಚಪ್ಪಲಿ ಹುಡುಕಲು ಎಂದು ಈಗ ಅನ್ನಿಸುತ್ತಿದೆ.

ಮೊಮ್ಮಗಳು ಅಳಲಿಲ್ಲ. ಇಬ್ಬರ ಕಾಯಿಗಳನ್ನೂ ಎತ್ತಿ ಡಬ್ಬಿಗೆ ಹಾಕಿದಳು. ಆಟೊದಲ್ಲಿ ನನ್ನ ಕೈ ಹಿಡಿಯಲಿಲ್ಲ.

ಸೆಪ್ಟೆಂಬರ್ 21, ಸೋಮವಾರ

ಒಂದು ತಿಂಗಳ ಸಜೆ. ಭಾವ ಬರೆದುಕೊಡಲಿಲ್ಲ. ಪೊಲೀಸರನ್ನು ಬೆನ್ನಿಗೆ ಕಟ್ಟಿಕೊಂಡು ಬರುವ ಭಾವಮೈದುನನಿಗೆ ತನ್ನ ಅಂಗಡಿಯಲ್ಲಿ ಜಾಗವಿಲ್ಲ ಎಂದು ಕೈ ತೊಳೆದುಕೊಂಡ. ಮಗಳು ಅಡುಗೆಮನೆಯ ಬಾಗಿಲಲ್ಲೇ ನಿಂತು ಹೇಳಿದಳು:

"ಅವರು ಬರೆದ ಸುಳ್ಳನ್ನ ನೀವು ನಿಜ ಮಾಡಿದ್ರಿ. ಸಮಾಧಾನ ಆಯ್ತಾ ಅಪ್ಪಾ?"

ಆಗಿದೆ ಎಂದೆ. ಆಗಿರುವುದೂ ಹೌದು. ಇಲ್ಲಿ ಯಾರ ಮುಂದೆ ನಟಿಸಲಿ? ಅವನು ಕಂಬಳಿ ಹೊದ್ದು ನೆಲದ ಮೇಲೆ ಮಲಗಿರುವುದನ್ನು ನೆನೆಸಿಕೊಂಡರೆ ನನಗೆ ನಿದ್ದೆ ಬರುತ್ತದೆ.

ಮಗಳು ಹೊಲಿಗೆಯ ಆರ್ಡರುಗಳನ್ನು ಹೆಚ್ಚು ಹಿಡಿದಿದ್ದಾಳೆ. ನನ್ನ ಪೆನ್ಷನ್ ಮುಟ್ಟುವುದಿಲ್ಲವಂತೆ.

ಅಕ್ಟೋಬರ್ 10, ಶನಿವಾರ. ಬೆಳಿಗ್ಗೆ

ಎರಡನೆಯ ಶನಿವಾರ. ಭೇಟಿ ಇಲ್ಲ. ಆದರೂ ಮೊಮ್ಮಗಳು ತಾನೇ ತಲೆ ಬಾಚಿಕೊಂಡು, ಬೂಟು ಹಾಕಿಕೊಂಡು ಬಂದಳು. ಇದನ್ನು ಬರೆಯುತ್ತಿರುವ ಮೇಜಿನ ಪಕ್ಕದಲ್ಲೇ ನಿಂತಿದ್ದಾಳೆ. ಆ ದಿನದಿಂದ ನನ್ನೊಡನೆ ಆಡಿದ ಮೊದಲ ಮಾತು:

"ಅಜ್ಜ, ಅಪ್ಪ ಅಲ್ಲಿಗೆ ಬರ್ತಾರೆ ಅಂತ ಆ ಅಂಕಲ್‌ಗೆ ಯಾರು ಹೇಳಿದ್ದು?"

ಕೇಳಿದ ಪ್ರಶ್ನೆಗೆ ಎದ್ದು ನಿಂತು, ಪೂರ್ಣ ವಾಕ್ಯದಲ್ಲಿ ಉತ್ತರಿಸಬೇಕೆಂದು ಎಷ್ಟು ತಲೆಮಾರುಗಳಿಗೆ ಕಲಿಸಿದ್ದೇನೆ. ಪೆನ್ನು ಕೆಳಗಿಟ್ಟು ಎದ್ದು ನಿಲ್ಲಬೇಕು. ಬಾಗಿಲ ಬಳಿ ಮಗಳ ಹೊಲಿಗೆ ಯಂತ್ರದ ಸದ್ದು ನಿಂತಿದೆ. ಅವಳೂ ಕೇಳಿಸಿಕೊಳ್ಳುತ್ತಿದ್ದಾಳೆ. ಇನ್ನು —