ಡ್ಯಾಫ್ನಿಯ ಕಪ್ಪು ಹೋಲ್ಡನ್

ಟೌನ್ಸ್‌ವಿಲ್
೧೮ ಫೆಬ್ರವರಿ ೧೯೯೫, ಶನಿವಾರ

ಲೈಲ್,

ನಿನ್ನ ಪೆಟ್ಟಿಗೆ ಗುರುವಾರ ತಲುಪಿತು. ಅಂಗೈಯಗಲದ ಹೋಲ್ಡನ್ ಮಾದರಿ ಕಾರಿಗೆ ಒಂದು ಗೀರೂ ಬಿದ್ದಿಲ್ಲ. ಒಳಗಿನಿಂದ ಮರದ ತುಂಡಿಗೆ ಕೂರಿಸಿ, ಮೈಗೆ ಎಲ್ಲಿಯೂ ಏನೂ ತಾಗದ ಹಾಗೆ ಕಳಿಸಿದ್ದೀಯ. ಚೀಟಿಯಲ್ಲಿ ನೀನು ಬರೆದದ್ದನ್ನೂ ಓದಿದೆ: ಕಾರು ಡ್ಯಾಫ್ನಿಯದು, ಬಣ್ಣ ನಿನ್ನದು. ಮೇಲಿನ ಲ್ಯಾಕರ್ ಲೇಪ ಪೂರ್ತಿ ಒಣಗಿದೆ. ಬ್ರಿಸ್ಬೇನಿನ ಪ್ರದರ್ಶನದಲ್ಲಿ ಅವಳು ಇದನ್ನು ಇಡುತ್ತಾಳೆ. ಪಾಲಿಶ್ ಮಾಡಲು ನನ್ನಂಥ ಕೈ ಬೇರೆ ಯಾರಿಗೂ ಇಲ್ಲವಂತೆ. ನೀನೇ ಬಿಟ್ಟುಹೋದ ಹೆಂಡತಿಯನ್ನು ಹೊಗಳಲು ನಿನಗೆ ಇನ್ನೊಬ್ಬಳ ಕಾರು ಬೇಕಾಯಿತು.

ಪಕ್ಕದ ಮನೆಯ ನೊರೀನ್ ಪ್ಯಾಷನ್ ಹಣ್ಣು ಕೊಡಲು ಬಂದಿದ್ದಳು. ಮೇಜಿನ ಮೇಲೆ ಕಾರು ನೋಡಿ, “ಇದೇನೇ ಮೆರಿಲಿನ್, ಗಂಡನ್ನ ಹೊಡ್ಕೊಂಡು ಹೋದವಳ ಕಾರು ತಿಕ್ಕೋಕೆ ಕೂತಿದೀಯಾ? ನೋಡ್ತಿರು, ಮುಂದಿನ ವಾರ ಒಗೆಯೋ ಬಟ್ಟೇನೂ ಕಳಿಸ್ತಾಳೆ!” ಎಂದಳು. ನಾನೂ ನಕ್ಕೆ. ಅವಳು ಹೋದ ಮೇಲೆ ಕಾರನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಆಮೇಲೆ ನಗು ಬರಲಿಲ್ಲ.

ಕಿಟಕಿಯ ಗಾಜಿನ ಪಟ್ಟಿಗಳು ಕಾರಿನ ಛಾವಣಿಯಲ್ಲಿ ಒಂದೊಂದೂ ನೆಟ್ಟಗೆ ಮೂಡಿದ್ದವು. ಪಾಲಿಶ್ ಇಲ್ಲದೆ, ಬಣ್ಣದ ಸ್ಪ್ರೇ ಗನ್ನಿನಿಂದ ಬಂದದ್ದು ಬಂದ ಹಾಗೇ. ಕಪ್ಪು ಬಣ್ಣ ಯಾರ ತಪ್ಪನ್ನೂ ಮುಚ್ಚುವುದಿಲ್ಲ. ನಿನ್ನದನ್ನಂತೂ ಎಂದೂ ಮುಚ್ಚಿಲ್ಲ. ನೀನು ಬಣ್ಣ ಹೊಡೆದರೆ ಬಾಗಿಲುಗಳ ಕೆಳಗೆ ಕಿತ್ತಳೆ ಸಿಪ್ಪೆಯಂಥ ತರಿ ಇದ್ದೇ ಇರುತ್ತಿತ್ತು. ಅದನ್ನು ನೀರಲ್ಲಿ ನೆನೆಸಿದ ಉಪ್ಪುಕಾಗದದಿಂದ, ನಿನ್ನ ವಾಟರ್ ಪೇಪರಿನಿಂದ, ತಿಕ್ಕಿ ತಿಕ್ಕಿ ಕನ್ನಡಿ ಮಾಡುತ್ತಿದ್ದವಳು ನಾನು. ಬಹುಮಾನದ ಕಪ್‌ಗಳ ಮೇಲೆ ನಿನ್ನ ಹೆಸರಿರುತ್ತಿತ್ತು. ನನಗದರಿಂದ ಬೇಸರವಿಲ್ಲ ಎಂದು ಹೇಳುತ್ತಿದ್ದೆ. ಈಗಲೂ ಹಾಗೆಂದೇ ಇಟ್ಟುಕೊಳ್ಳೋಣ.

ಇದು ನಿನ್ನ ಕೈಯಲ್ಲ, ಲೈಲ್. ಡ್ಯಾಫ್ನಿಯದು ಎಂದು ಆಗಲೇ ಅನ್ನಿಸಿತು.

ಅವಳು ನಿನ್ನ ಪಕ್ಕದಲ್ಲಿ ಮಲಗುವುದನ್ನು ಹೇಗೋ ನುಂಗಿಕೊಂಡಿದ್ದೇನೆ. ಸ್ಪ್ರೇ ಗನ್ನನ್ನು ನುಂಗಲಾಗುತ್ತಿಲ್ಲ. “ನಿಂದು ಉಜ್ಜೋ ಕೈ ಮೆರಿ, ಹೊಡೆಯೋ ಕೈ ಅಲ್ಲ. ಗನ್ ಮುಟ್ಬೇಡ” ಎಂದು ನನ್ನನ್ನು ಸಂಸಾರ ಮಾಡಿದಷ್ಟು ವರ್ಷವೂ ಶೆಡ್ಡಿನ ಬಾಗಿಲಲ್ಲೇ ನಿಲ್ಲಿಸಿದವನು ನೀನು. ಅವಳ ಕೈಗೆ ಮಾತ್ರ ಅದನ್ನು ಕೊಟ್ಟೆ. ಅವಳು ಎಷ್ಟು ಸಲ ಕೇಳಿದಳೋ ತಿಳಿಯದು. ಬಹುಶಃ ಕೇಳಲೇ ಇಲ್ಲ, ಸುಮ್ಮನೆ ಎತ್ತಿಕೊಂಡಳು. ನನಗೇಕೆ ಅದು ಹೊಳೆಯಲಿಲ್ಲ?

ನಿನ್ನೆ ಕೆಲಸಕ್ಕೆ ಕೂತು, ಅಭ್ಯಾಸದಂತೆ ಮೊದಲು ಕಾರನ್ನು ಮೂಸಿದೆ. ಬಣ್ಣಕ್ಕೆ ಬೆರೆಸುವ ಥಿನ್ನರಿನ ವಾಸನೆ ಮೂಗಿಗೆ ಹೊಡೆಯಿತು. ವಾಸನೆ ಇರುವವರೆಗೆ ಒಳಗೆ ಹಸಿ ಎಂದು ಕಲಿಸಿದವನು ನೀನೇ. ಹಸಿಯಿದ್ದಾಗ ತಿಕ್ಕಿದರೆ ಆ ಹೊತ್ತಿಗೆ ಚೆನ್ನಾಗಿ ಮಿಂಚುತ್ತದೆ. ಆಮೇಲೆ ಬಣ್ಣ ಒಣಗುತ್ತ ಕುಗ್ಗಿ, ಹೊಳಪು ಸತ್ತು, ಗೀರುಗಳೆಲ್ಲ ಮೇಲೆದ್ದು ಬರುತ್ತವೆ. ಪ್ರದರ್ಶನಕ್ಕೆ ಇನ್ನೆರಡು ವಾರವಿದೆ. ನಾನು ತಿಕ್ಕಿ ಕಳಿಸಿದರೆ ಡ್ಯಾಫ್ನಿ ಪೆಟ್ಟಿಗೆ ತೆರೆದಾಗ ಕನ್ನಡಿ, ತೀರ್ಪುಗಾರರ ಮುಂದೆ ಮಂಕು. ನನ್ನನ್ನು ಯಾರೂ ದೂರುವಂತಿಲ್ಲ, ಒಣಗಿದೆ ಎಂದು ಬರೆದವನು ನೀನು. ಈ ಯೋಚನೆ ನನಗೆಷ್ಟು ಸುಖ ಕೊಟ್ಟಿತೆಂದು ಬರೆಯುವುದಿಲ್ಲ.

ಆಗಲೇ ಅವಳ ಫೋನ್ ಬಂತು.

“ಮೆರಿಲಿನ್ ಅವ್ರೇ, ನಾನು ಡ್ಯಾಫ್ನಿ. ಫೋನ್ ಮಾಡ್ಬಾರ್ದಿತ್ತೇನೋ. ಕಾರು ಸರಿಯಾಗಿ ಬಂತಾ?”

“ಬಂತು. ಯಾವಾಗ ಹೊಡ್ದಿದ್ದು ಇದನ್ನ?” ಎಂದೆ.

“ಹೋದ ಶನಿವಾರ. ನಿಮಗೆ ಸುಳ್ಳು ಹೇಳೋಕಾಗಲ್ಲ. ಹೊಡ್ದಿದ್ದು ನಾನೇ. ಮೆರಿಗೆ ಹೇಳ್ಬೇಡ, ಬೇಜಾರು ಮಾಡ್ಕೋತಾಳೆ ಅಂದ ಲೈಲ್,” ಎಂದಳು.

“ಮೂಸಿ ನೋಡ್ಲಿಲ್ವಾ?”

“ನೋಡ್ದೆ. ವಾಸನೆ ಇದೆ ಅನ್ನಿಸ್ತು. ಪಾಲಿಶೇ ಬೇಡ, ಹೀಗೇ ಇಡ್ತೀನಿ ಅಂದೆ. ಎಲ್ರೂ ನಗ್ತಾರೆ ಅಂದ. ಅವನ ಮೂಗಿಗೂ ಹಿಡ್ದೆ. ಏನೂ ಇಲ್ಲ, ನಿನ್ನ ಭ್ರಮೆ ಅಂತ ಅಂದ್ಬಿಟ್ಟ.”

ನೋಡುತ್ತೇನೆ ಎಂದಷ್ಟೇ ಹೇಳಿ ಫೋನಿಟ್ಟೆ.

ಒಣಗಿದ ಕಾರನ್ನು ನೀನು ಯಾವಾಗಲೂ ಹಳೆಯ ಬನಿಯನ್ನಿನಲ್ಲಿ ಸುತ್ತಿ ನನ್ನ ಕೈಗೆ ಕೊಡುತ್ತಿದ್ದೆ. ಇದನ್ನು ಬಟ್ಟೆಯ ನೂಲೂ ತಾಗದ ಹಾಗೆ ಮರದ ಮೇಲೆ ನಿಲ್ಲಿಸಿದ್ದೀಯ. ಬಟ್ಟೆ ತಾಗಿದರೆ ಅಚ್ಚು ಬೀಳುತ್ತದೆಂದು ನಿನಗೆ ಗೊತ್ತಿತ್ತು. ಹಸಿಯೆಂದು ಗೊತ್ತಿತ್ತು.

ಅವಳ ಕಪ್ಪು ನಿನ್ನ ಕಪ್ಪಿಗಿಂತ ಚೆನ್ನಾಗಿ ಕೂತದ್ದನ್ನು ನೀನೂ ಬೆಳಕಿಗೆ ಹಿಡಿದು ನೋಡಿದ್ದೀಯ. ಕೆಡಿಸಲು ನಿನ್ನ ಕೈ ಏಳಲಿಲ್ಲ. ಕೆಡಿಸುವಷ್ಟು ಹೊಟ್ಟೆಕಿಚ್ಚು ಟೌನ್ಸ್‌ವಿಲ್ಲಿನಲ್ಲಿ ಒಬ್ಬಳಿಗಿದೆ ಎಂದು ನಿನಗೆ ನೆನಪಾಯಿತು. ಊಹೆ ತಪ್ಪಿರಲಿಲ್ಲ. ನಿನ್ನ ಮನಸ್ಸನ್ನು ಓದಲು ನನಗೆ ಸ್ವಲ್ಪವೂ ಕಷ್ಟವಾಗಲಿಲ್ಲ. ನನಗೆ ನಾಚಿಕೆಯಾದದ್ದು ಅದಕ್ಕೇ.

ಕಾರನ್ನು ನಾನು ತಿಕ್ಕುವುದಿಲ್ಲ. ಬಂದ ಹಾಗೇ, ಮರದ ತುಂಡಿನ ಸಮೇತ, ಡ್ಯಾಫ್ನಿ ಕೆಲಸ ಮಾಡುವ ಹೂವಿನಂಗಡಿಯ ವಿಳಾಸಕ್ಕೆ, ಅವಳ ಹೆಸರಿಗೇ ಕಳಿಸುತ್ತೇನೆ. ಪಾಲಿಶ್ ಬೇಡ, ಹೀಗೇ ಇಡು, ಪ್ರದರ್ಶನದವರೆಗೆ ಯಾರಿಗೂ ಇದನ್ನು ಮುಟ್ಟಲು ಬಿಡಬೇಡ ಎಂದು ಚೀಟಿಯಿಡುತ್ತೇನೆ. ಅವಳು ಗೆಲ್ಲಬಹುದು. ಗೆದ್ದರೆ ನನಗೆ ಸಂತೋಷವಾಗುವುದಿಲ್ಲ. ನಿನಗೂ ಆಗುವುದಿಲ್ಲವಲ್ಲ, ಅಷ್ಟು ಸಾಕು.

ಮೆರಿಲಿನ್

ಬಿಟ್ಟುಹೋದ ಮಾತು: ಅಂಚೆ ಕಚೇರಿ ತೆರೆಯುವುದು ಸೋಮವಾರ. ಪೆಟ್ಟಿಗೆಗೆ ಇನ್ನೂ ಟೇಪು ಹಚ್ಚಿಲ್ಲ. ಅವಳ ಫೋನ್ ಬಂದು ಹೋದ ಮೇಲೆ ನಾನು ವಾಟರ್ ಪೇಪರನ್ನು ಬಟ್ಟಲಲ್ಲಿ ನೆನೆಹಾಕಿದೆ. ಮೊದಲಲ್ಲ, ಎಲ್ಲ ಗೊತ್ತಾದ ಮೇಲೆ. ಈಗ ಅದು ಮೆತ್ತಗಾಗಿ ಕೆಲಸಕ್ಕೆ ಸರಿಯಾಗಿದೆ. ಈ ಪತ್ರ ಮಡಿಸಿಟ್ಟು, ಎದ್ದು ಆ ನೀರು ಚೆಲ್ಲಬೇಕು.